ಟ್ಯಾಂಕಿನೊಳಗಿನ ಪಂಪು

ಲೋ ತಮ್ಮಾ,

ನೀನು ಸತ್ತು ಎರಡು ತಿಂಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಕಾರಿನ ಪೆಟ್ರೋಲ್ ಟ್ಯಾಂಕಿಗೆ ನೀನು ಹಾಕಿದ ಪಂಪು ವಾರಕ್ಕೇ ನಿಂತಾಗ, ಹಳೇ ಮಾಲು ತುರುಕಿದ್ದೀಯೆಂದು ನಾಲ್ಕು ಜನರೆದುರು ನಿನ್ನನ್ನು ಕಳ್ಳ ಎಂದೆ. ಇವತ್ತು ಹಿಂದಿನ ಸೀಟು ಕಿತ್ತು ಹೊಸ ಪಂಪು ಇಳಿಸಿದರೆ ಅದೂ ಗುಂಯ್ ಅನ್ನಲಿಲ್ಲ. ಹುಡುಕಿದರೆ, ಸೀಟಿನಡಿ ಪಂಪಿನ ಅರ್ತ್ ವೈರಿನ ಬುಡ ತುಕ್ಕು ಹಿಡಿದು ಕರೆಂಟೇ ಹರಿಯುತ್ತಿರಲಿಲ್ಲ!

"ವೈರ್ ನೋಡ್ತೀನಿ, ಬಾಗ್ಲು ತೆಗಿಯಣ್ಣಾ ಅಂತ ಆವತ್ತೇ ಬಡ್ಕೊಂಡ. ನೀವ್ ತೆಗೆದ್ರಾ?" ಅಂದಳು ನಿನ್ನ ಅತ್ತಿಗೆ.

"ಬಾಯ್ಮುಚ್ಚೇ!" ಅಂದೆ.

ಬಾಗಿಲು ಒದ್ದು ಒಳಗೆ ಬರಬೇಕಿತ್ತು ಕಣೋ, ಮುಠ್ಠಾಳ! ನನ್ನ ಕಪಾಳಕ್ಕೆ ಬಾರಿಸಿಯಾದರೂ ಹೇಳಬಾರದಿತ್ತೇ?

ತುಕ್ಕು ಕೆರೆದು, ಹೊಸದನ್ನು ತೆಗೆದು, ನಿನ್ನ ಪಂಪನ್ನೇ ಕೂರಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಇದನ್ನು ಬರೆಯುವಾಗಲೂ ಅಂಗಳದಲ್ಲಿ ಇಂಜಿನ್ ಓಡುತ್ತಿದೆ. ಆಫ್ ಮಾಡಲು ಕೈ ಬರುತ್ತಿಲ್ಲ.