ಪೂಜೆಗಿಟ್ಟ ದಿಮ್ಮಿ

1954 ಅಕ್ಟೋಬರ್ 5

ಇಡೀ ದಿನ ತೊಳೆದದ್ದೇ ತೊಳೆದದ್ದು. ನಾಳೆ ಆಯುಧಪೂಜೆ. ಸ್ಪ್ಯಾನರು, ಜಾಕು, ವಿಮಾನ ಕದಲದಂತೆ ಚಕ್ರಕ್ಕೆ ಅಡ್ಡ ಕೊಡುವ ಮರದ ದಿಮ್ಮಿ — ಎಲ್ಲವೂ ಪೂಜೆಗೆ. ಷೆಡ್ಡಿನ ವಿಮಾನಕ್ಕೆ ರಿಪೇರಿಯಾದ ಎಂಜಿನ್ ಕೂರಿಸಿದ್ದೇವೆ. ಟೆಸ್ಟು ಹಬ್ಬ ಮುಗಿದ ಮೇಲೆ. ಜೊತೆಯ ಮೆಕ್ಯಾನಿಕ್ ಲಿಂಗಯ್ಯ ಬೇಗನೆ ಸೈಕಲ್ ಹತ್ತಿದ. ಮಕ್ಕಳಿಗೆ ಅರಮನೆಯ ದೀಪ ತೋರಿಸಬೇಕಂತೆ.

ಅಕ್ಟೋಬರ್ 6

ಲಿಂಗಯ್ಯ ಹೋದ.

ಅಕ್ಟೋಬರ್ 8

ಬರೆದಿಡುತ್ತೇನೆ. ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಮೊನ್ನೆ ಮಂಗಳಾರತಿ ಮುಗಿದಿತ್ತು. ಮ್ಯಾನೇಜರ್ ಲಕ್ಷ್ಮೀನರಸಿಂಹ ನೆಂಟರನ್ನೆಲ್ಲ ಷೆಡ್ಡಿಗೆ ಕರೆತಂದಿದ್ದರು. ಅವರಿಗೆ ಎಂಜಿನ್ ಓಡಿಸಿ ತೋರಿಸಬೇಕಂತೆ! ದಿಮ್ಮಿಗಳು ದೇವರ ಮುಂದೆ, ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿವೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೂ ಕದಲಿಸುವಂತಿಲ್ಲ.

“ದಿಮ್ಮಿ ಕೊಡದೆ ಬ್ಯಾಡಿ ಸಾರ್,” ಅಂದ ಲಿಂಗಯ್ಯ.

“ಬ್ರೇಕ್ ಹಿಡ್ಕೊಂಡು ನಾನೇ ಕೂತಿರ್ತೀನಲ್ಲಯ್ಯ. ಹಬ್ಬದ ದಿನ ಅಪಶಕುನ ನುಡೀಬೇಡ. ಪ್ರೊಪೆಲ್ಲರ್ ತಿರುಗಿಸು.”

ವಿಮಾನದ ಮುಂದೆ ನಿಂತು ಕೈಯಿಂದಲೇ ಜಗ್ಗಿ ತಿರುಗಿಸಿದ. ಎಂಜಿನ್ ಹಿಡಿಯಿತು. ಮೇಲೆ ಕೂತ ಮಹಾನುಭಾವರು ಬ್ರೇಕ್ ಬಿಟ್ಟರೋ, ವೇಗ ಏರಿಸುವ ಥ್ರಾಟಲ್ ಒತ್ತಿದರೋ — ವಿಮಾನ ಮುಂದಕ್ಕೆ ನುಗ್ಗಿತು. ಲಿಂಗಯ್ಯ ಪ್ರೊಪೆಲ್ಲರಿನ ಎದುರಿಗೇ ಇದ್ದ...

ಮ್ಯಾನೇಜರ್ ಇಳಿದವರೇ ನೆಂಟರನ್ನು ಕಾರಿಗೆ ಹತ್ತಿಸಿದರು. ಮೊದಲ ಕೆಲಸ ಅದು. ಥೂ!

ಅಕ್ಟೋಬರ್ 19

ವಿಚಾರಣೆಗೆ ಆಫೀಸರ್ ಬರುತ್ತಾರಂತೆ. ಮ್ಯಾನೇಜರ್ ನಮಗೆಲ್ಲ ಹೇಳಿಕೊಟ್ಟ ಪಾಠ: ಲಿಂಗಯ್ಯ ಯಾರ ಅಪ್ಪಣೆಯೂ ಇಲ್ಲದೆ ತಿರುಗಿಸಿದ. ಕಾಲು ಜಾರಿ ಬಿದ್ದ. ತಪ್ಪು ಅವನದೇ. ಷೆಡ್ಡಿನವರೆಲ್ಲ ಗೋಣು ಆಡಿಸಿದರು. ಅವನ ಬುತ್ತಿಯಲ್ಲಿ ಕೈ ಹಾಕಿ ತಿಂದವರು! ಒಬ್ಬೊಬ್ಬರ ಕಪಾಳಕ್ಕೂ ಬಾರಿಸಬೇಕೆನ್ನಿಸಿತು.

ಅಕ್ಟೋಬರ್ 24

ಬೀದಿಯಲ್ಲಿ ಆಗಲೇ ದೀಪಾವಳಿ ಪಟಾಕಿ. ಲಿಂಗಯ್ಯನ ಮನೆಗೆ ಹೋಗಿದ್ದೆ. ನಿಜ ಹೇಳೇ ಹೇಳುತ್ತೇನೆ ಎಂದೆ. ಅವನ ಹೆಂಡತಿ ಇಂದ್ರಮ್ಮನಿಗೆ ಸಮಾಧಾನವಾದೀತು ಅಂದುಕೊಂಡಿದ್ದೆ.

“ಬ್ಯಾಡ ಮಾದೇವಣ್ಣ. ಆಸ್ಪತ್ರೇಲಿ ಆಯಾ ಕೆಲಸ ಕೊಡಿಸ್ತೀನಿ ಅಂದವ್ರೆ ಮ್ಯಾನೇಜರು. ನೀವು ಬಾಯ್ಬುಟ್ರೆ ಅದೂ ಹೋಯ್ತದೆ.”

“ಕೊಂದೋನ ಕೈಯಿಂದ್ಲೇ ಇಸ್ಕೊತೀಯೇನಮ್ಮ?”

“ಮಕ್ಳ ಹೊಟ್ಟೆಗೆ ಯಾರ್ ಕೈಯಾದ್ರೇನು?”

ಎದ್ದು ಬಂದೆ. ಅವಳ ಮೇಲೂ ಸಿಟ್ಟು. ಲಿಂಗಯ್ಯ ಅಷ್ಟು ಅಗ್ಗವೇ?

ನವೆಂಬರ್ 11, ಸಂಜೆ

ಹೇಳಿಬಿಟ್ಟೆ. ಆಫೀಸರ ಮುಂದೆ, ಎಲ್ಲರ ಎದುರಿಗೇ. ದಿಮ್ಮಿ ಎಲ್ಲಿತ್ತು, ಬ್ರೇಕ್ ಹಿಡಿದು ಕೂತಿದ್ದವರು ಯಾರು, ಲಿಂಗಯ್ಯ ಬೇಡವೆಂದದ್ದು — ಎಲ್ಲ. ಮ್ಯಾನೇಜರ್ ಮುಖ ಸುಣ್ಣವಾಯಿತು. ಹೊರಗೆ ಬರುತ್ತಲೇ ಗುಮಾಸ್ತೆ ಅಡ್ಡ ಬಂದು, ನಾಳೆಯಿಂದ ನಾನು ಕೆಲಸಕ್ಕೆ ಬರಬೇಕಾಗಿಲ್ಲ ಎಂದ. ನಿಮ್ಮ ಕೆಲಸಕ್ಕಿಷ್ಟು ಬೆಂಕಿ ಹಾಕ ಎಂದೆ. ಎದೆ ಹಗುರಾಗಿತ್ತು.

ಗೇಟಿನ ಹತ್ತಿರ ಇಂದ್ರಮ್ಮ. ಕಂಕುಳಲ್ಲಿ ಚಿಕ್ಕದು, ಸೆರಗು ಹಿಡಿದು ದೊಡ್ಡದು.

“ನಿಮ್ ಸಿಟ್ಟು ತೀರ್ತಾ ಅಣ್ಣ? ಇನ್ನು ಇವುಕ್ಕೆ ಅನ್ನ ಹಾಕೋರ್ಯಾರು?”

ನಾನು ಹಾಕುತ್ತೇನೆ ಎನ್ನಬೇಕಿತ್ತು. ಅವಳು ಕಾಯುತ್ತ ನಿಂತೇ ಇದ್ದಳು. ನಾನು ತಲೆ ಎತ್ತದೆ ಸೈಕಲ್ಲಿನ ಬೀಗ ತೆಗೆದು ಹತ್ತಿ ಬಂದುಬಿಟ್ಟೆ.