ಬಲಗಡೆಯ ಹೀಟರ್ ಬಾಕ್ಸ್

೧೪ ಸೆಪ್ಟೆಂಬರ್ ೨೦೦೫, ಬುಧವಾರ

ಮೆಕ್ಯಾನಿಕ್ ನಿತಾಯ್‌ದಾ ತೂತಿನ ಮೇಲೆ ಬಣ್ಣ ಬಳಿದಿದ್ದಾರೆ. ಇದು ಮೋಸ. ಬೇರೆ ಹೆಸರಿಲ್ಲ ಇದಕ್ಕೆ.

ಎಂದಿನಂತೆ ಸಂಜೆ ಐದಕ್ಕೆ ಗ್ಯಾರೇಜಿಗೆ ಹೋದೆ. ಅಪ್ಪ ಬ್ಯಾಂಕಿನಿಂದ ಬರುವುದು ತಡ, ಉಸ್ತುವಾರಿ ನನ್ನದು. ನಮ್ಮ ಹಳೆಯ ಬೀಟಲ್ ಕಾರು ಜ್ಯಾಕ್ ಮೇಲಿದೆ. ಅದರ ಎಂಜಿನ್‌ಗೆ ನೀರಿಲ್ಲ, ಗಾಳಿಯಲ್ಲೇ ತಣಿಯುತ್ತದೆ. ಅದೇ ಗಾಳಿಯಲ್ಲಿ ಒಂದಿಷ್ಟು, ಎರಡು ತಗಡಿನ ಬಾಕ್ಸುಗಳೊಳಗೆ ಹಾದು, ಅಲ್ಲಿನ ಸುಡುವ ಹೊಗೆಪೈಪಿಗೆ ತಾಗಿ, ಬಿಸಿಯಾಗಿ ನಮ್ಮ ಕಾಲ ಬಳಿ ಬರಬೇಕು. ಅದೇ ಹೀಟರ್. ಎಲ್ಲಾದರೂ ಸೋರಿದರೆ ವಿಷದ ಗ್ಯಾಸ್ ಕಾರೊಳಗೆ. ನಿದ್ದೆ ಬಂದ ಹಾಗಾಗುತ್ತದಂತೆ... ಅಷ್ಟೇ.

ಕಲ್ಕತ್ತೆಯಲ್ಲಿ ಹೀಟರ್ ಯಾರಿಗೆ ಬೇಕು? ಹಿಂದಿನ ಮಾಲೀಕ ಬಿಚ್ಚಿ ಗೋಣಿಗೆ ತುಂಬಿದ್ದ. ಈಗ ದುರ್ಗಾಪೂಜೆಯ ರಜೆಗೆ ಅಮ್ಮನನ್ನು ಡಾರ್ಜಿಲಿಂಗಿಗೆ ಕರೆದೊಯ್ಯುವ ಆಸೆ ಅಪ್ಪನಿಗೆ. ಅಮ್ಮನಿಗೆ ಉಬ್ಬಸ, ಥಂಡಿ ತಾಗಬಾರದು, ಹೀಟರ್ ಮತ್ತೆ ಜೋಡಿಸಬೇಕು. ಅಂದರೆ ಕಾರಿನ ಕಿಟಕಿ ಪೂರ್ತಿ ಮುಚ್ಚಿರುತ್ತದೆ.

ನಿನ್ನೆ ಬಲಗಡೆಯ ಬಾಕ್ಸಿನಲ್ಲಿ ಸೂಜಿ ತೂರುವಷ್ಟು ತುಕ್ಕಿನ ತೂತು. ಇವತ್ತು ಥಳಥಳ ಬೆಳ್ಳಿಬಣ್ಣ!

೧೫ ಸೆಪ್ಟೆಂಬರ್

ಅಪ್ಪನಿಗೆ ಹೇಳಿದೆ.

“ಎಂತ ಮಾರಾಯ್ತಿ, ನಿಂಗೆ ಹಾಲಿನವನೂ ಕಳ್ಳ, ಪೇಪರಿನವನೂ ಕಳ್ಳ. ನಿತಾಯಿ ಹತ್ತು ವರ್ಷದಿಂದ ಈ ಗಾಡಿ ನೋಡ್ತಾ ಇದ್ದಾನೆ.”

ಅಮ್ಮ ಒಳಗಿಂದ: “ಸಾಯುವವಳು ನಾನು, ಬೊಬ್ಬೆ ಮಾತ್ರ ಇವಳದ್ದು.”

ಇಬ್ಬರೂ ನಕ್ಕರು. ಬ್ಯಾಂಕಿನವರ ಮನೆ, ಎಲ್ಲರನ್ನೂ ನಂಬುತ್ತದೆ. ಕಾಲೇಜ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಕೊಂಡ ಗ್ರಾಹಕರ ಹಕ್ಕಿನ ಕರಪತ್ರ ಮತ್ತೆ ತೆಗೆದೆ. ಕಂಡೂ ಸುಮ್ಮನಿರುವವರು ವಂಚಕರ ಜೊತೆಗಾರರು ಎಂದಿದೆ ಅದರಲ್ಲಿ.

ಬೆಂಗಾಲಿಯಲ್ಲಿ ನೋಟಿಸ್ ಬರೆದೆ. ಗ್ಯಾರೇಜಿನ ಹೆಸರು, ಅವರ ಹೆಸರು, ತೂತು, ಬಣ್ಣ. ಮೂವತ್ತು ಜೆರಾಕ್ಸ್. ಗ್ಯಾರೇಜಿನ ಗೋಡೆ, ಬ್ಯಾಂಕ್ ಕ್ವಾರ್ಟರ್ಸ್ ಗೇಟು, ಸೆಕ್ಟರ್ ಫೈವ್ ಬಸ್ ಸ್ಟಾಪು, ಎಲ್ಲ ಕಡೆ ಅಂಟಿಸಿದೆ — ಅಲ್ಲಿನ ಸಾಫ್ಟ್‌ವೇರ್‌ನವರಿಗೆ ಈಗ ಹಳೆಯ ಕಾರುಗಳ ಹುಚ್ಚು.

೧೭ ಸೆಪ್ಟೆಂಬರ್, ಶನಿವಾರ

ವಿಶ್ವಕರ್ಮ ಪೂಜೆ. ಹೋದೆ, ಹೆದರಿಲ್ಲ ಎಂದು ತೋರಿಸಲು.

ಗ್ಯಾರೇಜ್ ಪೂರ್ತಿ ಬೆಳ್ಳಿಬಣ್ಣ. ಜ್ಯಾಕು, ಬೆಂಚಿನ ಕಾಲು, ಗ್ರೀಸ್ ಡಬ್ಬ, ಕಿಟಕಿಯ ಸರಳು. ಪೂಜೆಗೆ ಮುಂಚೆ ಇಲ್ಲಿರುವ ಕಬ್ಬಿಣಕ್ಕೆಲ್ಲ ಬಣ್ಣವಂತೆ, ಪ್ರತಿ ವರ್ಷ. ನಮ್ಮ ಬಾಕ್ಸ್ ದಾರಿಯಲ್ಲಿ ಬಿದ್ದಿತ್ತು, ಅದಕ್ಕೂ.

ನಿತಾಯ್‌ದಾ ಖಿಚುಡಿಯ ತಟ್ಟೆ ಕೈಗಿಟ್ಟರು. “ತಿನ್ನಿ, ದಿದಿಮಣಿ. ಇದಕ್ಕೆ ಬಣ್ಣ ಬಳಿದಿಲ್ಲ.”

ತಟ್ಟೆ ಬೆಂಚಿನ ಮೇಲಿಟ್ಟೆ.

ಆದರೂ ಕೇಳಿದೆ — ತೂತು ಇತ್ತಲ್ಲ? “ಹೊರಗಿನ ತಗಡು ತೂತಾದರೆ ಬಿಸಿ ಸೋರುತ್ತೆ, ಅಷ್ಟೇ. ಕೊಲ್ಲೋದು ಒಳಗಿನ ಪೈಪು.” ಅದು ಸರಿ ಇದೆಯಾ? “ಮೂವತ್ತು ವರ್ಷದಲ್ಲಿ ಈ ಊರಲ್ಲಿ ಹೀಟರ್ ಬಿಚ್ಚಿದ್ದೇನೆ, ಒಂದನ್ನೂ ಜೋಡಿಸಿಲ್ಲ. ಇವತ್ತು ಸಲಕರಣೆ ಮುಟ್ಟಬಾರದು. ನಾಳೆ ನೋಡೋಣ.”

ನಾಳೆಯೇ ಏಕೆ? ರಾತ್ರಿ ಬಾಕ್ಸ್ ಬದಲಿಸಿದರೆ? ಬರುವ ಮುಂಚೆ ಅದರ ತಳದಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿದೆ.

೧೮ ಸೆಪ್ಟೆಂಬರ್

ಗುರುತು ಇತ್ತು. ಅದೇ ಬಾಕ್ಸ್.

ಪೂಜೆಯಲ್ಲಿ ಉಳಿದ ಧೂಪ ಕೆಂಡಕ್ಕೆ ಹಾಕಿದರು. ಹೊಗೆಪೈಪಿನ ಒಂದು ಬಾಯಿಗೆ ಬಟ್ಟೆ ತುರುಕಿ, ಇನ್ನೊಂದರಿಂದ ಕೈತಿದಿಯಲ್ಲಿ ಹೊಗೆ ಊದಿದರು. ಎಡಗಡೆಯದು ಚೊಕ್ಕ. ಬಲಗಡೆಯದರಲ್ಲಿ... ಬಿಸಿಗಾಳಿ ಬರಬೇಕಾದ ಬಾಯಿಂದ ಧೂಪದ ಹೊಗೆ, ಎಳೆಯಾಗಿ. ಒಳಗಿನ ಬೆಸುಗೆ ಬಿಟ್ಟಿದೆ.

ಗೆದ್ದೆ ಅನ್ನಿಸಬೇಕಿತ್ತು. ನಿತಾಯ್‌ದಾ ನೆಲದ ಮೇಲೆ ಕುಳಿತರು. “ಕೇಳದೇ ಹೋಗಿದ್ದರೆ ಹಾಗೇ ಜೋಡಿಸುತ್ತಿದ್ದೆ. ಬೌದಿಯನ್ನು, ನಿಮ್ಮಮ್ಮನನ್ನು, ಅದರಲ್ಲೇ ಕೂರಿಸುತ್ತಿದ್ದೆ.”

ಮತ್ತೆ, ಗೋಡೆಯ ನೋಟಿಸ್ ತೋರಿಸಿ: “ಗೊತ್ತಿಲ್ಲದವ ಅಂತ ಬರೆಯಬೇಕಿತ್ತು. ಕಳ್ಳ ಅಂತ ಬರೆದಿರಿ. ಗಾಡಿ ತಗೊಂಡು ಹೋಗಿ.”

೨೬ ಸೆಪ್ಟೆಂಬರ್

ಮೂರು ಗ್ಯಾರೇಜು ಅಲೆದೆ. ಇಬ್ಬರು ಹೀಟರ್ ನೋಡಿಯೇ ಇಲ್ಲ. ಮೂರನೆಯವನು ನಕ್ಕು, “ಬೆಸುಗೆ ಯಾಕೆ? ಎಂ-ಸೀಲ್ ಮೆತ್ತಿ ಬಣ್ಣ ಹೊಡೀತೀನಿ, ಯಾರಿಗೂ ಕಾಣಲ್ಲ,” ಎಂದ. ನಾನು ಬರೆದ ನೋಟಿಸಿನ ಮನುಷ್ಯ ಇವನು. ನಿತಾಯ್‌ದಾ ಅಲ್ಲ.

ಸೆಕ್ಟರ್ ಫೈವ್‌ನ ಒಬ್ಬ ನೋಟಿಸ್ ಓದಿ ತನ್ನ ಕಾರನ್ನು ನಿತಾಯ್‌ದಾ ಕೈಯಿಂದ ಬಿಡಿಸಿಕೊಂಡನಂತೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೀಟರ್ ಇಲ್ಲದಿದ್ದರೂ ಹೊರಡುತ್ತೇನೆ ಎನ್ನುತ್ತಾರೆ ಅಮ್ಮ. ನಿನ್ನೆ ಒಂದೇ ದಿನ ಇಪ್ಪತ್ತು ಸಲ ಕೆಮ್ಮಿದರು, ಇಲ್ಲಿಯ ಸೆಕೆಯಲ್ಲೇ.

೨೯ ಸೆಪ್ಟೆಂಬರ್, ಗುರುವಾರ

ಸಿಕ್ಕ ನೋಟಿಸೆಲ್ಲ ಕಿತ್ತೆ. ಹೊಸದೊಂದು ಬರೆದು ನಿತಾಯ್‌ದಾ ಮುಂದೆ ಹಿಡಿದೆ: ಅವರು ಕಳ್ಳರಲ್ಲ, ನಾನು ವಿಚಾರಿಸದೆ ಬರೆದೆ.

ಓದಲೇ ಇಲ್ಲ. “ಕಾಗದ ಸಾಕು, ದಿದಿಮಣಿ. ಬಾಯಲ್ಲಿ ಹೇಳಿ. ಇಲ್ಲಿ ಚಹಾಕ್ಕೆ ಸೇರುವ ಡ್ರೈವರುಗಳ ಮುಂದೆ. ಗಾಡಿ ಬಿಡಿಸಿಕೊಂಡ ಆ ಕಂಪ್ಯೂಟರ್ ಬಾಬುವನ್ನೂ ಕರೀತೀನಿ. ಅವತ್ತೇ ಬಾಕ್ಸ್ ಸೀಳಿ ಪೈಪು ಬೆಸೀತೀನಿ. ನೀವೇ ನಿಂತು ಹೊಗೆ ಊದಿ ನೋಡಿ.”

ಯಾಕೆ ಅಷ್ಟು ಜನ? ನನ್ನನ್ನು ಅಳಿಸುವುದಕ್ಕಾ? ಇರಬಹುದು. ಅಳುವುದಿಲ್ಲ.

ಅಕ್ಟೋಬರ್ ಎರಡು, ಭಾನುವಾರ. ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಎಂದೆ.