ಎಡಬಾಗಿಲ ದೀಪ

ಕತ್ತಲಗೆರೆ
ಗುರುವಾರ

ಚನ್ನವೀರಣ್ಣನವರಿಗೆ ನಮಸ್ಕಾರ.

ಬಾಗಿಲು ತೆಗೆದಾಗ ಕಾಲಿನ ಬಳಿ ಹತ್ತಲೆಂದು ನೀವು ನನ್ನ ಕಾರಿಗೆ ಕೂರಿಸಿದ ಎಲ್‌ಇಡಿ ಪಟ್ಟಿಗಳಲ್ಲಿ ಎಡಗಡೆಯದು ನಾಲ್ಕನೇ ಸಲ ಸುಟ್ಟಿದೆ. ಬಲಗಡೆಯದಕ್ಕೆ ಏನೂ ಆಗಿಲ್ಲ. ಹೋದ ಸಲ ನೀವು ಮೀಟರ್ ಹಿಡಿದು ನೋಡಿ, "ಕರೆಂಟು ಸರಿ ಐತೆ ಟೀಚರ್. ನೀವು ಬಾಗ್ಲು ಪೂರ್ತಿ ಹಾಕ್ದಂಗೆ ಗಾಡಿ ಓಡಿಸ್ತೀರಿ. ದೀಪ ಆರಂಗಿಲ್ಲ, ಕಾದು ಕಾದು ಸುಟ್ಟು ಹೋಗ್ತೈತೆ" ಅಂದಿರಿ. ನನಗೆ ಸಿಟ್ಟು ಬಂತು. ಒಬ್ಬಳೇ ಓಡಾಡುವವಳು ನಾನು. ಎಡಬಾಗಿಲು ತೆಗೆಯುವವರು ಯಾರಿದ್ದಾರೆ?

ಆಮೇಲೆ ಗಮನವಿಟ್ಟು ನೋಡಿದೆ. ದೀಪ ಆರದೆ ಉಳಿಯುವುದು ಸೋಮವಾರ ಮತ್ತು ಗುರುವಾರ ಮಾತ್ರ. ಶಾಲೆಗೆ ಹೋಗುವಾಗ ಅವ್ವನನ್ನು ಡಯಾಲಿಸಿಸ್‌ಗೆಂದು ಚನ್ನಗಿರಿಯ ಆಸ್ಪತ್ರೆಗೆ ಬಿಡುತ್ತಿದ್ದುದು ಆ ಎರಡು ದಿನ. ಅವ್ವ ತೀರಿಕೊಂಡು ಐದು ತಿಂಗಳಾಯಿತು. ಬಾಗಿಲು ಎಳೆದುಕೊಳ್ಳಲು ಅವಳ ಕೈಲಾಗುತ್ತಿರಲಿಲ್ಲ. ಪ್ರತಿ ಸಲ ನಾನೇ ಸುತ್ತಿ ಬಂದು ಹಾಕುತ್ತಿದ್ದೆ.

ಇವತ್ತು ಬೆಳಿಗ್ಗೆ ಹೊರಡುವ ಮುಂಚೆ ಇಳಿದು ಆ ಕಡೆ ಹೋಗಿ ನೋಡಿದೆ. ಬಾಗಿಲು ಅರೆಬರೆ ಹಾಕಿತ್ತು. ಸೆರಗು ಸಿಕ್ಕಿಕೊಳ್ಳದ ಹಾಗೆ ನೋಡಿಕೊಂಡು ಮೆತ್ತಗೆ ಹಾಕಿದೆ.

ಶನಿವಾರ ಮಧ್ಯಾಹ್ನ ಗಾಡಿ ತರುತ್ತೇನೆ. ದೀಪ ಬದಲಿಸುವುದು ಬೇಡ. ಎಡಬಾಗಿಲ ಕೀಲಿಗೆ ಎಣ್ಣೆ ಬಿಟ್ಟು, ಒಂದು ಬೆರಳಲ್ಲಿ ಎಳೆದರೂ ಹಾಕಿಕೊಳ್ಳುವಷ್ಟು ಸಲೀಸು ಮಾಡಿಕೊಡಿ.

ಅವ್ವನ ಕೈಗೆ ಇನ್ನೂ ಬಲ ಬಂದಿಲ್ಲ.

ಇಂತಿ,
ಯಶೋಧರಾ